ಗುಂಡಿ ಒತ್ತಿದ್ದು ಅಕ್ಕನಿಗೆ ಗೊತ್ತಾಯಿತು

ಮುದ್ದೇಬಿಹಾಳ
೨೧ ಆಗಸ್ಟ್ ೨೦೦೮, ಗುರುವಾರ

ಇಂದು ತಾಳಿಕೋಟೆ ಬಸ್ಸಿನಲ್ಲಿ ಎದೆ ಹೊಡೆದುಕೊಳ್ಳತೊಡಗಿತು. ಗಾಬರಿಯಾದಾಗ ಒತ್ತಲೆಂದು ಆಸ್ಪತ್ರೆಯವರು ಕೊಟ್ಟ ಮೊಬೈಲಿನ ಗುಂಡಿ ಒತ್ತಿದೆ. ಉಸಿರಾಡುವುದನ್ನು ಹೇಳಿಕೊಡುವ ಧ್ವನಿ ಮುಗಿಯುವ ಮೊದಲೇ ಗೌರಕ್ಕನ ಫೋನು ಬಂತು.

"ಮತ್ತ ಸುರು ಆತೇನು? ಇಳಿದು ಮನಿಗಿ ಬಾ."

ಈ ಮೊಬೈಲು ಹೇಗಿರಬೇಕೆಂದು ಡಾಕ್ಟರು ರೋಗಿಗಳನ್ನೂ ಮನೆಯವರನ್ನೂ ಕೂರಿಸಿ ಕೇಳಿದ್ದರು. ಒತ್ತಿದ್ದು ಯಾರಿಗೂ ತಿಳಿಯಬಾರದು ಎಂದಷ್ಟೇ ನಾನು ಕೇಳಿಕೊಂಡಿದ್ದೆ. ಪಕ್ಕದಲ್ಲಿದ್ದ ಅಕ್ಕ "ಖರೇ ಐತ್ರಿ" ಎಂದಿದ್ದಳು.

ಸಂಜೆ ಅವಳನ್ನೇ ಕೇಳಿದೆ.

"ನಾನೇ ಆಮ್ಯಾಗ ಡಾಕ್ಟರಿಗೆ ಹೇಳಿ, ನೀ ಒತ್ತಿದ್ರ ನನ್ನ ಫೋನಿಗಿ ಸುದ್ದಿ ಬರೂಹಂಗ ಹಾಕಿಸೇನಿ. ನಿನ್ನ ಚಿಂತಿ ನನಗಿಲ್ಲೇನು?"

ಡಾಕ್ಟರಿಗೆ ಫೋನು ಮಾಡಿದರೆ, "ಮನಿಯವರ ಮಾತೂ ಕೇಳಬೇಕಲ್ರಿ" ಎಂದರು.

ಇಬ್ಬರಲ್ಲಿ ಒಬ್ಬರಾದರೂ ನನಗೆ ಹೇಳಬಹುದಿತ್ತು.

ನಾಳೆ ಆಸ್ಪತ್ರೆಯಲ್ಲಿ ಮತ್ತೆ ಅಂಥದೇ ಸಭೆ. ಮೊಬೈಲು ಹೇಗಿದೆ ಎಂದು ಕೇಳಿದರೆ "ಚಲೋ ಐತ್ರಿ" ಎಂದು ಬಂದುಬಿಡುತ್ತೇನೆ. ಇನ್ನು ನನ್ನ ಮನಸ್ಸಿನದು ಅವರೆದುರು ಹೇಳುವುದಿಲ್ಲ.