ಹಿಂದಕ್ಕೆ ಮೂರು ಹೊಲಿಗೆ

ಅಂಗಡಿಯ ಹಿಂದಿನ ಕೋಣೆಯಿಂದ,
ಬುಧವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ ತಾಯೀ? ಇಲ್ಲಿಂದ ಹೊರಡುವಾಗ ಇದ್ದ ಕೆಮ್ಮು ವಾಸಿಯಾಯಿತೆ? ಅಷ್ಟು ಎತ್ತರದ ಚಳಿಗಾಳಿಗೆ ಅದು ಇನ್ನೂ ಜೋರಾಗಿರಬಹುದೆಂದು ನಿಮ್ಮಮ್ಮನಿಗೆ ಚಿಂತೆ. ಬಿಸಿನೀರು ಕುಡಿಯುತ್ತಿರು, ಆದರೆ ನೀರು ಕಾಯಿಸಲು ಟೆಂಟಿನೊಳಗೆ ಸ್ಟೌ ಹಚ್ಚಬೇಡ. ಕಾಲಿನ ಉಗುರು ಕತ್ತರಿಸಿಕೋ, ಒದ್ದೆ ಕಾಲುಚೀಲ ಹಾಕಿಕೊಂಡು ಮಲಗಬೇಡ, ಸೀಟಿ ಬ್ಯಾಗಿನ ತಳದಲ್ಲಿರದೆ ಕೊರಳಲ್ಲೇ ಇರಲಿ. ನೀನು ನಗುತ್ತಿರುವುದು ನನಗೆ ಇಲ್ಲಿಂದಲೇ ಕಾಣಿಸುತ್ತದೆ. ಬೆಟ್ಟ ಹತ್ತಿಸುವುದೇ ಕಸುಬಾಗಿರುವ ಮಗಳಿಗೆ, ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಅಪ್ಪನ ಪಾಠ. ಏನು ಮಾಡಲಿ, ಟೆಂಟು, ಬ್ಯಾಗು, ಜಿಪ್ಪು ರಿಪೇರಿಗೆ ಬಂದವರಿಗೆಲ್ಲ ಮೂವತ್ತು ವರ್ಷದಿಂದ ಪುಕ್ಕಟೆ ಉಪದೇಶ ಕೊಟ್ಟು ಬಾಯಿಗೆ ಅಭ್ಯಾಸವಾಗಿಬಿಟ್ಟಿದೆ. ಇಲ್ಲಿ ನಾವಿಬ್ಬರೂ ಆರೋಗ್ಯ. ನಿಮ್ಮಮ್ಮನ ಮಂಡಿ ಬೆಳಿಗ್ಗೆ ಹೊತ್ತು ಮಾತ್ರ ಮುಷ್ಕರ ಹೂಡುತ್ತದೆ, ಆಮೇಲೆ ಸರಿಹೋಗುತ್ತದೆ. ನನಗೆ ಸೂಜಿಗೆ ದಾರ ಪೋಣಿಸಲು ಈಗ ಎರಡು ಕನ್ನಡಕ ಬೇಕು.

ಈ ಕಾಗದದ ಜೊತೆ ಒಂದು ಪೊಟ್ಟಣವಿದೆ. ಅದರಲ್ಲಿ ಹಗ್ಗಕ್ಕೆ ಸಿಕ್ಕಿಸಲು ಸೊಂಟಕ್ಕೆ ಬಿಗಿದುಕೊಳ್ಳುತ್ತೀಯಲ್ಲ, ಆ ಹಾರ್ನೆಸ್ ಇದೆ, ನಿನ್ನ ಅಳತೆಯ ಹೊಸದು, ನೀಲಿ ಬಣ್ಣದ್ದು, ನಾಲ್ಕನೇ ಬೀದಿಯ ಪರ್ವತಾರೋಹಣದ ಅಂಗಡಿಯಲ್ಲಿ ನಾನೇ ನಿಂತು ಆರಿಸಿ ತಂದದ್ದು. ಬರುವ ಸೋಮವಾರ ಈ ವರ್ಷದ ಮೊದಲ ತಂಡವನ್ನು ಬಂಡೆ ಹತ್ತಿಸುವಾಗ ನೀನು ಅದನ್ನೇ ಹಾಕಿಕೊಳ್ಳಬೇಕು. ಹಳೆಯದು ಬೇಡವೇ ಬೇಡ. ಬಣ್ಣ ಮಾಸಿದೆ, ಅದಕ್ಕೆ ಹೊಸದು ಕಳಿಸಿದ್ದೇನೆ ಎಂದಷ್ಟೇ ಬರೆದು ಮುಗಿಸೋಣವೆಂದು ನಿನ್ನೆಯಿಂದ ಮೂರು ಕಾಗದ ಹರಿದೆ. ಆದರೆ ನಿನ್ನನ್ನು ಬಲ್ಲೆನಲ್ಲ. ಬಣ್ಣಕ್ಕಾಗಿ ನೀನು ಯಾವ ವಸ್ತುವನ್ನೂ ಬಿಟ್ಟವಳಲ್ಲ. ಹೊಸದನ್ನು ಜೋಪಾನವಾಗಿ ಮಡಚಿಟ್ಟು, ನಂಬಿಕೆಯ ಹಳೆಯದನ್ನೇ ಬಿಗಿದುಕೊಂಡು ಬಂಡೆಗೆ ನೇತಾಡುತ್ತೀಯ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ ಮಗಳೇ.

ಹೋದ ತಿಂಗಳು ನೀನೂ ಅಳಿಯಂದಿರೂ ಬಂದಾಗ ನಿಮ್ಮ ಎರಡೂ ಹಾರ್ನೆಸ್‌ಗಳನ್ನು ನನ್ನ ಕೈಗೆ ಕೊಟ್ಟು ನೀನು ಏನು ಹೇಳಿದೆ, ನೆನಪಿದೆಯೆ? "ಅಪ್ಪಾ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸು. ಬೇರೆ ಏನೂ ಮಾಡ್ಬೇಡ" ಎಂದೆ. 'ಬೇರೆ ಏನೂ' ಎನ್ನುವುದನ್ನು ಒತ್ತಿಯೇ ಹೇಳಿದ್ದೆ. ತೊಳೆದೆ, ನೆರಳಲ್ಲೇ ಒಣಗಿಸಿದೆ. ಒಣಗಿದ ಮೇಲೆ ಮಡಚಲು ಕೈಗೆತ್ತಿಕೊಂಡರೆ ಹೊಟ್ಟೆಯ ಮುಂದೆ ಬರುವ ಆ ಕುಣಿಕೆಯ, ಅದೇ ನೀವು ಹಗ್ಗದ ಕೊಂಡಿ ಸಿಕ್ಕಿಸುವ ದಪ್ಪ ಪಟ್ಟಿಯ, ಹೊಲಿಗೆಯ ಮೇಲೆ ಸಣ್ಣಗೆ ನೂಲು ಎದ್ದಿತ್ತು. ಅದನ್ನು ನೀನು ಮೊದಲೇ ನೋಡಿದ್ದೆ, ಇಷ್ಟಕ್ಕೆಲ್ಲ ಏನೂ ಆಗುವುದಿಲ್ಲ, ಈ ವರ್ಷ ಕಳೆದ ಮೇಲೆ ಬದಲಾಯಿಸುತ್ತೇನೆ ಎಂದೂ ಹೇಳಿದ್ದೆ. ಆದರೆ ಹೊಲಿಗೆಯವನ ಕಣ್ಣಿಗೆ ಎದ್ದ ನೂಲು ಎಂದರೆ ಊಟದ ತಟ್ಟೆಯಲ್ಲಿ ಸಿಕ್ಕ ಕೂದಲಿದ್ದಂತೆ. ಸುಮ್ಮನೆ ಬಿಡಲು ಕೈ ಕೇಳುವುದಿಲ್ಲ.

ಹೊಲಿದೆ. ಬರೀ ಮೇಲಿಂದ ಹೊಲಿದಿದ್ದರೆ ನಾನು ಇಷ್ಟು ತಲೆ ತಗ್ಗಿಸಬೇಕಿರಲಿಲ್ಲವೇನೋ. ಹಳೆಯ ಹೊಲಿಗೆಯ ಮೇಲೇ ಹೊಸ ಹೊಲಿಗೆ ಎಳೆಯುವುದು ಕಳ್ಳಕೆಲಸ, ಮೊದಲು ಬಿಚ್ಚು, ಆಮೇಲೆ ಹೊಲಿ ಎಂದು ನನಗೆ ಕೆಲಸ ಕಲಿಸಿದ ಮೇಷ್ಟ್ರು ಕಿವಿ ಹಿಂಡಿ ಹೇಳಿಕೊಟ್ಟಿದ್ದರು. ಪ್ಯಾಂಟಿಗಾಗಲಿ ಪರದೆಗಾಗಲಿ ಇವತ್ತಿಗೂ ಹಾಗೆಯೇ ಮಾಡುತ್ತೇನೆ. ಇದಕ್ಕೂ ಹಾಗೆಯೇ ಮಾಡಿದೆ. ಕಾರ್ಖಾನೆಯವರು ಯಾವ ಯಂತ್ರದಲ್ಲಿ ಯಾವ ನೂಲಿನಿಂದ ಹೊಲಿದಿದ್ದರೋ, ಆ ಹೊಲಿಗೆಯನ್ನು ಬ್ಲೇಡಿನ ಮೊನೆಯಿಂದ ಒಂದೊಂದೇ ಕಿತ್ತೆ. ಅಷ್ಟು ಗಟ್ಟಿಯಾಗಿತ್ತು, ಕೀಳಲು ಒಂದು ಗಂಟೆಯಾಯಿತು. ಕೀಳಲು ಅಷ್ಟು ಕಷ್ಟವಾಗುವುದನ್ನು ಯಾಕೆ ಕೀಳುತ್ತಿದ್ದೇನೆ ಎಂದು ಈ ಮಂಡೆಗೆ ಹೊಳೆಯಲಿಲ್ಲ. ಆಮೇಲೆ ಬ್ಯಾಗಿಗೆ ಹಾಕುವ ನೂಲನ್ನೇ, ಬಣ್ಣ ಸರಿಹೊಂದಿಸಿ, ದೊಡ್ಡ ಮೆಷೀನಿನಲ್ಲಿ ಸಾಲಾಗಿ ಹೊಡೆದೆ. ಎಷ್ಟು ಚಂದ ಬಂತೆಂದರೆ ಹೊಸದರ ಹಾಗೆ ಕಂಡಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ನಿನಗೆ ಹೇಳಿದರೆ ಬೈಯುತ್ತೀಯೆಂದು ಬಾಯಿ ಮುಚ್ಚಿಕೊಂಡು, ನೀವು ಹೊರಡುವ ದಿನ ಮಡಚಿ ನಿನ್ನ ಬ್ಯಾಗಿಗೆ ಹಾಕಿದೆ. ನೀನು ಗೇಟಿನ ಹತ್ತಿರ ನಿಂತು, "ತೊಳೆದಿದ್ದಕ್ಕೆ ಹೊಸದರ ಥರ ಆಗಿದೆ ಅಪ್ಪಾ" ಎಂದೆ. ನಾನು ನಕ್ಕೆ.

ಮೊನ್ನೆ ಸೋಮವಾರ ಮೀಸೆ ಮಾಮ ಬಂದಿದ್ದರು. ಬೆಟ್ಟದ ರಕ್ಷಣಾ ತಂಡದಿಂದ ನಿವೃತ್ತರಾದರೂ ಅವರ ಮೀಸೆ ಇನ್ನೂ ಕೆಲಸದಲ್ಲಿದೆ. ನಿನಗೆ ಎಂಟು ವರ್ಷವಾಗಿದ್ದಾಗ ನಮ್ಮ ಕಟಕಟೆಯ ಸರಳಿಗೆ ಹಗ್ಗ ಸುತ್ತಿ ಗಂಟು ಕಲಿಸಿದವರು ಅವರೇ ಅಲ್ಲವೆ. ಟೆಂಟಿನ ಜಿಪ್ಪು ಹಾಕಿಸಲು ಬಂದವರ ಮುಂದೆ ನನ್ನ ಬಾಯಿ ಸುಮ್ಮನಿರಲಿಲ್ಲ. ಮಗಳ ಹಾರ್ನೆಸ್‌ಗೆ ಹೊಸ ಹೊಲಿಗೆ ಹಾಕಿದ ಸಾಹಸವನ್ನು ಕೊಚ್ಚಿಕೊಂಡೆ. ಅವರು ಯಾವ ನೂಲು ಎಂದು ಕೇಳಿದರು. ಉಂಡೆ ತೋರಿಸಿದೆ. ಹಳೆಯ ಹೊಲಿಗೆ ಏನಾಯಿತು ಎಂದರು. ಬಿಚ್ಚಿದೆ ಎಂದೆ. ಅವರು ಎದ್ದು ಹೋಗಿ, ಮನೆಯಿಂದ ತಮ್ಮದೊಂದು ಹಳೆಯ ಹಾರ್ನೆಸ್ ತಂದು ಮೇಜಿನ ಮೇಲಿಟ್ಟು, "ಅದೇ ಥರ ಇದನ್ನೂ ಹೊಲಿ" ಎಂದರು. ಹೊಲಿದೆ. ಪಕ್ಕದ ಗ್ಯಾರೇಜಿಗೆ ಕರೆದುಕೊಂಡು ಹೋದರು. ಅಲ್ಲಿಯ ಮೇಸ್ತ್ರಿ ಲಾರಿಯ ಎಂಜಿನ್ನನ್ನು ಸರಪಳಿಯ ರಾಟೆಯಲ್ಲಿ ಎತ್ತುತ್ತಿದ್ದ. ಸರಪಳಿಗೂ ಎಂಜಿನ್ನಿಗೂ ನಡುವೆ ನನ್ನ ಕುಣಿಕೆಯನ್ನು ಸಿಕ್ಕಿಸಿ ಎತ್ತು ಎಂದರು. ಎಂಜಿನ್ ಒಂದು ಗೇಣು ಮೇಲೆದ್ದಿತ್ತೋ ಇಲ್ಲವೋ, ಪಟಪಟ ಎಂದು ಸದ್ದಾಯಿತು, ಕೆಳಗೆ ಹಾಸಿದ್ದ ಟಯರುಗಳ ಮೇಲೆ ಎಂಜಿನ್ ಕುಕ್ಕರಿಸಿತು. ಪಟ್ಟಿಗೆ ಏನೂ ಆಗಿರಲಿಲ್ಲ. ನನ್ನ ಹೊಲಿಗೆ ಮಾತ್ರ ಒಂದೂ ಉಳಿದಿರಲಿಲ್ಲ.

ಮೀಸೆ ಮಾಮ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಕುಣಿಕೆಯನ್ನು ನನ್ನ ಅಂಗೈಯಲ್ಲಿಟ್ಟು, "ಎಂಜಿನ್ನು ಮೆತ್ತಗೆ ಎತ್ತಿದ್ವಿ. ಮನುಷ್ಯ ಬೀಳ್ತಾನೆ ಕಣಯ್ಯಾ" ಎಂದಷ್ಟೇ ಹೇಳಿದರು. ಗ್ಯಾರೇಜಿನವರೆಲ್ಲ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಹಗ್ಗವನ್ನು ತುಳಿಯಬೇಡಿ, ಬಿಸಿಲಲ್ಲಿ ಬಿಡಬೇಡಿ, ಒಮ್ಮೆ ಜೋರಾಗಿ ಬಿದ್ದವರನ್ನು ತಡೆದ ಹಗ್ಗವನ್ನು ಮತ್ತೆ ನಂಬಬೇಡಿ, ಹೆಲ್ಮೆಟ್ ಬಿರುಕು ಬಿಟ್ಟರೆ ಅಂಟು ಹಾಕಬೇಡಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನು ನಾನೇ. ಅಂಗಡಿಗೆ ಬಂದು ಕೂತರೆ ಮೆಷೀನಿನ ಮೇಲೆ ಕೈ ಇಡಲಾಗಲಿಲ್ಲ. ನಿನ್ನೆ ನಿಮ್ಮ ಶಿಬಿರದ ಕೆಳಗಿನ ಕಚೇರಿಗೆ ಫೋನ್ ಮಾಡಿದೆ. ಗುಮಾಸ್ತ ಒಳ್ಳೆಯವನು, ಮೇಲಿನ ಶಿಬಿರಕ್ಕೆ ವೈರ್‌ಲೆಸ್‌ನಲ್ಲಿ ಏನಾದರೂ ತಿಳಿಸಬೇಕೆ ಎಂದು ತಾನಾಗಿಯೇ ಕೇಳಿದ. ಅಪ್ಪ ಹೀಗೆ ಮಾಡಿದ್ದಾನೆ ಎಂದು ಅಷ್ಟು ಜನರ ಕಿವಿಗೆ ಬೀಳುತ್ತದಲ್ಲ ಎನಿಸಿತು. ಕ್ಷೇಮ ಕೇಳಿದೆ ಎಂದು ಹೇಳಿ ಎಂದುಬಿಟ್ಟೆ. ಸಾಮಾನಿನ ಜೀಪು ಗುರುವಾರ ಮೇಲೆ ಹೋಗುತ್ತದೆ, ಕಾಗದ ಶುಕ್ರವಾರ ನಿನ್ನ ಕೈ ಸೇರುತ್ತದೆ, ಏರಿಕೆ ಇರುವುದು ಸೋಮವಾರ ಎಂದು ಬೆರಳು ಮಡಚಿ ಲೆಕ್ಕ ಹಾಕಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಾನು ಹೊಲಿದದ್ದು ಹೌದೋ ಅಲ್ಲವೋ ಎಂದು ನಿನಗೆ ಅನುಮಾನ ಬಂದರೆ ಗುರುತು ಹೇಳುತ್ತೇನೆ. ನಿನ್ನ ಶಾಲೆಯ ಬ್ಯಾಗಿನಿಂದ ಹಿಡಿದು ಮದುವೆಯ ರವಿಕೆಯವರೆಗೆ ನಾನು ಹೊಲಿದದ್ದಕ್ಕೆಲ್ಲ ಕೊನೆಯಲ್ಲಿ ಹಿಂದಕ್ಕೆ ಮೂರು ಹೊಲಿಗೆ ಇರುತ್ತದೆ. ಇದು ಅಪ್ಪನ ಸಹಿ ಎಂದು ಚಿಕ್ಕವಳಿದ್ದಾಗ ನೀನೇ ಬೆರಳಿಟ್ಟು ತೋರಿಸುತ್ತಿದ್ದೆ. ಕುಣಿಕೆಯ ಒಳಮಗ್ಗುಲು ತಿರುಗಿಸಿ ನೋಡು, ಅಲ್ಲಿದೆ. ನೋಡಿದ ಮೇಲೆ ಅದನ್ನು ಯಾರಿಗೂ ಕೊಡದೆ, ಕತ್ತರಿಯಿಂದ ತುಂಡು ಮಾಡಿ ಎಸೆ. ರಿಪೇರಿ ಮಾಡುವವನ ಬಾಯಲ್ಲಿ ಎಸೆ ಎನ್ನುವ ಮಾತು ಬರುವುದು ಇದೇ ಮೊದಲು.

ಬೈಯಬೇಕೆನಿಸಿದರೆ ಬೈದು ಬರಿ, ನಾಲ್ಕು ಪುಟವಾದರೂ ಓದುತ್ತೇನೆ. ಬರೆಯದೆ ಮಾತ್ರ ಇರಬೇಡ. ಅಂಗಡಿಯಲ್ಲಿ ಹಾರ್ನೆಸ್, ಹಗ್ಗ, ಪಟ್ಟಿ ಇಂಥ ಯಾವುದನ್ನೂ ಇನ್ನು ಮುಟ್ಟುವುದಿಲ್ಲವೆಂದು ಬೋರ್ಡು ಬರೆದು ಹಾಕಿದ್ದೇನೆ. ಅಕ್ಷರ ಸೊಟ್ಟಗಿದೆಯೆಂದು ನಿಮ್ಮಮ್ಮ ಆಡಿಕೊಂಡಳು. ಅಳಿಯಂದಿರಿಗೆ ನನ್ನ ನೆನಪುಗಳನ್ನು ತಿಳಿಸು. ಇಬ್ಬರೂ ಒಬ್ಬರಿಗೊಬ್ಬರು ಆಸರೆಯಾಗಿ, ಹತ್ತಿದಷ್ಟೇ ಸುಖವಾಗಿ ಇಳಿದು ಬನ್ನಿ ಎಂದು ಹರಸುವ,

ನಿನ್ನ
ಅಪ್ಪ

ತಾ.ಕ. ಗುರುವಾರ ಬೆಳಿಗ್ಗೆ. ಲಕೋಟೆಗೆ ಅಂಟು ಹಚ್ಚುವ ಮೊದಲು ನಿಮ್ಮಮ್ಮ ಕಾಗದ ಇಸಿದುಕೊಂಡು ಓದಿದಳು. ಓದಿ, "ರೀ, ದೊಡ್ಡದನ್ನೂ ಹೊಲಿದ್ರಲ್ಲ, ಅದು ಇದರಲ್ಲಿ ಎಲ್ಲಿದೆ?" ಎಂದು ಕೇಳಿದಳು. ಜೀಪಿನವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಳಿಯಂದಿರದ್ದನ್ನೂ ಹೊಲಿದಿದ್ದೇನೆ. ಮೊದಲು ಹೊಲಿದದ್ದು ಅವರದನ್ನೇ. ಅವತ್ತು ನಾನು ಆ ನೂಲನ್ನು ಉಗುರಿನಿಂದ ಕೆದಕುತ್ತಿದ್ದಾಗ ಅವರು, "ಮಾವ, ಇದು ಪ್ಯಾಂಟಲ್ಲ" ಎಂದು ನಕ್ಕಿದ್ದರು, ನೀನೂ ನಕ್ಕಿದ್ದೆ. ಆ ಮಾತು ನನಗೆ ಚುಚ್ಚಿತ್ತು. ಮುಂದಿನ ಸಲ ಬಂದಾಗ ಎಲ್ಲಿ ಹೊಲಿದಿದ್ದೇನೆ, ಹುಡುಕಿ ನೋಡೋಣ ಎಂದು ಅವರ ಮುಂದೆ ಹಿಡಿಯಬೇಕೆಂದಿದ್ದೆ. ಅದಕ್ಕೇ ಅವರದರಲ್ಲಿ ಬೇಕೆಂದೇ ಹಿಂದಕ್ಕೆ ಮೂರು ಹೊಲಿಗೆ ಹಾಕಲಿಲ್ಲ. ನೀನು ಗುರುತು ಹುಡುಕಿದರೆ ಸಿಗುವುದಿಲ್ಲ, ಅಪ್ಪ ಇದನ್ನು ಮುಟ್ಟಿಲ್ಲ ಎಂದುಕೊಂಡು ಅವರ ಕೈಗೆ ಕೊಡುತ್ತೀಯ. ಇಷ್ಟು ಗೊತ್ತಿದ್ದೂ ನಾಲ್ಕು ಪುಟ ಬರೆದು ಅವರ ಹಾರ್ನೆಸ್‌ನ ಮಾತೆತ್ತದೆ ಸಹಿ ಹಾಕಿದೆ, ಅವರ ಮುಂದೆ ಸೋಲಲಾರದೆ. ಎರಡನ್ನೂ ಕತ್ತರಿಸು. ನಿಮ್ಮಮ್ಮ ಇನ್ನೊಂದು ತರಲು ನಾಲ್ಕನೇ ಬೀದಿಗೆ ಓಡಿದ್ದಾಳೆ. ಅವರ ಸೊಂಟದ ಅಳತೆ ನನಗೆ ಗೊತ್ತು, ಮದುವೆಯ ಸೂಟು ಹೊಲಿದವನು ನಾನೇ. ಅವಳು ಬರುವವರೆಗೆ ಜೀಪನ್ನು ಬಿಡುವುದಿಲ್ಲ. ಕಚೇರಿಗೂ ಈಗಷ್ಟೇ ಫೋನ್ ಮಾಡಿ ಹೇಳಿದೆ. ಗುಮಾಸ್ತ ಬರೆದುಕೊಂಡು ನನಗೇ ಗಟ್ಟಿಯಾಗಿ ಓದಿ ಹೇಳಿದ: ಎರಡೂ ಹಾರ್ನೆಸ್ ಬಳಸಬೇಡಿ, ಅಪ್ಪ ಹೊಲಿದಿದ್ದಾರೆ. ಹೌದು, ಸರಿಯಾಗಿದೆ ಎಂದೆ. ಗಾಳಿ ಹೆಚ್ಚಿದ್ದರೆ ವೈರ್‌ಲೆಸ್ ಕೇಳಿಸುವುದಿಲ್ಲವಂತೆ, ಅದಕ್ಕೇ ಇದನ್ನೂ ಕಳಿಸುತ್ತಿದ್ದೇನೆ. ಈ ಕೊನೆಯ ಹಾಳೆಯನ್ನು ಅಳಿಯಂದಿರ ಕೈಗೇ ಕೊಡು, ಅವರೇ ಓದಲಿ. ಅವರು ಹೇಳಿದ್ದು ಸರಿ. ಅದು ಪ್ಯಾಂಟಲ್ಲ.