ಅಸ್ಸುಂತಾಳ ಮನೆಯ ಕಡಲ ಮೆಟ್ಟಿಲು

ಒಣ ಶ್ರಾವಣದ ಮೂವತ್ತೆರಡನೆಯ ದಿನ, ಶಕವರ್ಷ ೨೧೬೩
ಘಟಪ್ರಭೆಯ ದಂಡೆ

ಪ್ರವಾಸ ಹೊರಡುವ ಯೋಚನೆಯಲ್ಲಿರುವ ಹಿಂದಿನ ಕಾಲದ ಹಿರಿಯರಿಗೆ ನೀಲಗಂಗವ್ವ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆಗಾಲ ತನ್ನ ಜಾಗ ಬಿಟ್ಟು ಸರಿದು ಬಹಳ ಕಾಲವಾಯಿತು. ಅದಕ್ಕೆ ತಕ್ಕಂತೆ ಪಂಚಾಂಗದವರು ಹೋದ ವರ್ಷ ಶ್ರಾವಣವನ್ನು ಒಡೆದು ಹಸಿ ಶ್ರಾವಣ, ಒಣ ಶ್ರಾವಣ ಎಂದು ಎರಡು ಮಾಡಿದರು. ಉಳಿದ ದಿನಗಳನ್ನೆಲ್ಲ ಒಣದ್ದಕ್ಕೆ ಸೇರಿಸಿಬಿಟ್ಟರು. ನನ್ನ ಮಾತುಗಳೂ ನಿಮಗೆ ಹಾಗೆಯೇ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು. ನಿಮ್ಮ ಕಾಲದ ಕನ್ನಡವನ್ನು ಮಠದಲ್ಲಿರುವ ಹಳೆಯ ಪುಸ್ತಕಗಳಿಂದ ಕಲಿತಿದ್ದೇನೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆಗೆ ನಾವು ಹಿನ್ನಂಚೆ ಎನ್ನುತ್ತೇವೆ. ಒಂದು ಮನೆತನಕ್ಕೆ ಒಂದೇ ಪತ್ರ. ಊರಿನವರೆಲ್ಲ ತಮ್ಮ ಪತ್ರದಲ್ಲಿ, ಬಂಗಾರ ಎಲ್ಲಿ ಹೂತಿಟ್ಟಿದ್ದೀರಿ ಎಂದು ಮುತ್ತಜ್ಜಂದಿರನ್ನು ಕೇಳಿದ್ದಾರೆ. ನನ್ನ ಗಂಡ ಚೆನ್ನಮಲ್ಲಪ್ಪ ಮಾತ್ರ, "ನಮ್ಮ ಹಿರ್ಯಾರ ಹತ್ರ ಹೂಳೂವಷ್ಟು ಬಂಗಾರ ಇರಲಿಲ್ಲ ಬಿಡು, ನಿನಗ ಬೇಕಾದವರಿಗೆ ಬರಿ" ಎಂದರು. ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಅತ್ತೆಯ ಹೆಸರು ಗುರುಸಿದ್ಧವ್ವ. ಎಂಬತ್ತು ದಾಟಿದ್ದಾರೆ. ಅವರಿಗೆ ಇದ್ದದ್ದು ಒಂದೇ ಆಸೆ, ಸಮುದ್ರ ನೋಡಬೇಕು. ನಮ್ಮ ಹೊಳೆಯ ನೀರು ಪಾಳಿಯಲ್ಲಿ ಬರುತ್ತದೆ. ಸೋಮವಾರ ಮೇಲಿನ ಓಣಿ, ಗುರುವಾರ ಕೆಳಗಿನ ಓಣಿ. "ಪಾಳಿ ಇಲ್ಲದ ನೀರು ಒಮ್ಮೆ ನೋಡಿ ಸಾಯಬೇಕವ್ವ" ಎನ್ನುತ್ತಿದ್ದರು. ನಮ್ಮ ಕಾರವಾರದ ಕಡಲು ಹತ್ತಿರವೇ ಇದೆ, ಆದರೆ ಅಲ್ಲಿಗೆ ಬೇಲಿ. ದಂಡೆ ಕುಸಿಯದಿರಲೆಂದು ಉದ್ದಕ್ಕೂ ಕಾಡು ಬೆಳೆಸಿದ್ದಾರೆ, ಎರಡು ತಲೆಮಾರಿನವರೆಗೆ ಮನುಷ್ಯರು ಕಾಲಿಡುವಂತಿಲ್ಲ. ನೀವು ಮೆಡಿಟರೇನಿಯನ್ ಎನ್ನುವ ಆಚೆಯ ಸಮುದ್ರದ ಮಗ್ಗುಲಲ್ಲಿ ಮಾತ್ರ, ಹಳೆಯ ಕಲ್ಲುಗೋಡೆಗಳ ದಯದಿಂದ, ಕೆಲವು ಊರುಗಳು ಉಳಿದಿವೆ. ಸಾಂತಲೂನಾ ಅಂಥ ಒಂದು ಊರು. ಸಾವಿರ ವರ್ಷದ ಕೋಟೆ, ಅದಕ್ಕೂ ಹಳೆಯ ಬಂದರು, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕಾದ ಓಣಿಗಳು.

ಅಲ್ಲಿಗೆ ಹೋಗುವುದು ನಿಮ್ಮ ಕಾಲದಷ್ಟು ಸುಲಭವಲ್ಲ. ಸರಿತೂಕ ಎಂಬ ಕಟ್ಟಳೆ ಇದೆ. ನಿಮ್ಮ ಕಾಲದಲ್ಲಿ ಆ ಊರುಗಳಿಗೆ ಎಷ್ಟು ಜನ ಬಂದರೆಂದರೆ, ಮನೆಗಳೆಲ್ಲ ವಸತಿಗೃಹಗಳಾಗಿ ಊರಿನವರು ಬೇರೆ ಕಡೆ ಬಾಡಿಗೆ ಹುಡುಕಿಕೊಂಡು ಹೋದರಂತೆ. ಕೊನೆಗೆ ಸಂಜೆ ದೀಪ ಹಚ್ಚುವವರು, ಸತ್ತರೆ ಹೆಗಲು ಕೊಡುವವರು ಯಾರೂ ಉಳಿಯಲಿಲ್ಲ. ಉಳಿದ ನಾಲ್ಕು ಮನೆಯವರು ಸೇರಿ ಹೊಸ ಕಟ್ಟಳೆ ಮಾಡಿದರು: ಹೊರಗಿನವರು ಒಳಗೆ ಬರಬೇಕಾದರೆ, ಊರಿನವರು ಅಷ್ಟೇ ದಿನ ಆ ಅತಿಥಿಯ ಮನೆಯಲ್ಲಿ ಹೋಗಿ ಇರಬೇಕು. ಅವರ ಮನೆಯಲ್ಲಿ ನಾವು, ನಮ್ಮ ಮನೆಯಲ್ಲಿ ಅವರು. ಬೀಗ ಹಾಕುವಂತಿಲ್ಲ. ಅವರ ಗಿಡಕ್ಕೆ ನಾವು ನೀರು ಹಾಕಬೇಕು, ನಮ್ಮ ಆಕಳಿಗೆ ಅವರು ಮೇವು ಹಾಕಬೇಕು. ಅಲ್ಲಿಗೆ ಮುಟ್ಟಿಸುವುದು ಗಾಳಿಪಟದ ಹಡಗು. ದೊಡ್ಡ ಪಟಗಳನ್ನು ಮೇಲೆ ಹಾರಬಿಟ್ಟು ಅವು ಎಳೆದಂತೆ ಹೋಗುವ ಹಡಗು ಅದು. ತಿಂಗಳ ಮೇಲಾಗುತ್ತದೆ.

ನಾಲ್ಕು ವರ್ಷದ ಹಿಂದೆ ನಮಗೆ ಸರಿತೂಕದ ಜೋಡಿಯಾಗಿ ಸಿಕ್ಕವಳು ಸಾಂತಲೂನಾದ ಅಸ್ಸುಂತಾ. ನನಗಿಂತ ಹತ್ತು ವರ್ಷ ದೊಡ್ಡವಳು, ವಿಧವೆ. ಮಾತುಗನ್ನಡಿಯಲ್ಲಿ ಮಾತಾಡುತ್ತಿದ್ದೆವು. ಇತ್ತ ನಮ್ಮ ಮುಖ, ಅತ್ತ ಅವಳ ಮುಖ. ಅವಳ ಮಾತನ್ನು ಕನ್ನಡಿಯೇ ನಮ್ಮ ಕಡೆಯ ಮಾತಿಗೆ ತಿರುಗಿಸುತ್ತದೆ. ಅವಳು ತನ್ನ ಹಿತ್ತಲ ಬಾಗಿಲು ತೆರೆದು ತೋರಿಸಿದಳು. ಅಲ್ಲಿಂದ ಕಲ್ಲಿನ ಮೆಟ್ಟಿಲುಗಳು ನೇರ ನೀರಿಗೆ ಇಳಿಯುತ್ತಿದ್ದವು. ಅತ್ತೆ ಕನ್ನಡಿಯ ಮೇಲೆ ಕೈಯಿಟ್ಟು, "ಈ ಮೆಟ್ಟಲ ಮ್ಯಾಲೆ ಕುಂತ್ರ ಸಾಕು, ಮತ್ತೇನೂ ತೋರಸಬ್ಯಾಡ" ಎಂದರು. ಅಸ್ಸುಂತಾ ಕೇಳಿದ್ದು ಬೇರೆಯೇ. "ನಿಮ್ಮ ಮನ್ಯಾಗ ರಾತ್ರಿ ಏನ್ ಕೇಳಸ್ತದ?" "ನಾಯಿ ಬೊಗಳೂದು, ನನ್ನ ಮಗಾ ಗೊರಕಿ ಹೊಡಿಯೂದು. ಅವನ್ನ ನಾವು ಕರಕೊಂಡು ಬರ್ತೀವಿ, ನಾಯಿ ಒಂದ ಉಳೀತದ" ಎಂದರು ಅತ್ತೆ. ಅಸ್ಸುಂತಾ ನಕ್ಕು, ಆಮೇಲೆ ಕಣ್ಣೊರೆಸಿಕೊಂಡಳು. ಗಂಡನನ್ನು ಸಮುದ್ರ ಒಯ್ದ ಮೇಲೆ ಅದರ ಸದ್ದಿಲ್ಲದೆ ಒಂದು ರಾತ್ರಿ ನಿದ್ದೆ ಮಾಡಬೇಕೆಂಬುದು ಅವಳ ಆಸೆ.

ಇಷ್ಟಾದ ಮೇಲೆ ದಿನ ಗೊತ್ತು ಮಾಡುವುದೊಂದೇ ಉಳಿದಿತ್ತು. ಶ್ರಾವಣದ ಮೊದಲಿಗೇ ಬನ್ನಿ ಎಂದಳು ಅವಳು. ಶ್ರಾವಣದಲ್ಲಿ ನಮ್ಮ ಮಠದಲ್ಲಿ ಪುರಾಣ. ಅತ್ತೆ ಮದುವೆಯಾಗಿ ಬಂದಾಗಿನಿಂದ ಒಂದು ಸಂಜೆಯೂ ತಪ್ಪಿಸಿದವರಲ್ಲ. "ಶ್ರಾವಣ ಒಂದು ಬಿಟ್ಟು ಯಾವಾಗರ ಬರ್ತೀನಿ" ಎಂದರು. ದಸರಾ ಮುಗಿಸಿ ಬರುತ್ತೇವೆ ಎಂದರೆ, ಅದು ಅವಳಿಗೆ ಸತ್ತವರ ತಿಂಗಳು, ಗಂಡನ ಹೆಸರಿನ ಸಮಾಧಿಗೆ ದಿನಾ ದೀಪ ಇಡಬೇಕು. ಶಿವರಾತ್ರಿ ಕಳೆದು ಎಂದರೆ ಅವಳ ದೊಡ್ಡ ಉಪವಾಸ ಹಿಡಿಯುತ್ತದೆ. ಅವಳ ಉಪವಾಸ ಮುಗಿದರೆ ನಮ್ಮ ಬಸವ ಜಯಂತಿ. ಅದು ಮುಗಿದರೆ ಅವಳ ಏಸುತಾಯಿಯ ತಿಂಗಳು, ಆಮೇಲೆ ತಾಯಿಯನ್ನು ದೋಣಿಯಲ್ಲಿ ಕೂಡಿಸಿ ಕಡಲಿಗೆ ಒಯ್ಯುವ ಹಬ್ಬದ ತಯಾರಿ. ಮತ್ತೆ ಶ್ರಾವಣ.

ಇದರಲ್ಲಿ ಯಾರಿಗೂ ಬೇಸರವಾಗಲಿಲ್ಲ ಎಂಬುದೇ ಈಗ ನನ್ನನ್ನು ಸುಡುತ್ತದೆ. ಅವಳು ಆಗುವುದಿಲ್ಲ ಎಂದಾಗಲೆಲ್ಲ ಅತ್ತೆಗೆ ಅವಳ ಮೇಲೆ ಪ್ರೀತಿ ಹೆಚ್ಚುತ್ತಿತ್ತು. "ದೇವ್ರನ್ನ ಬಿಟ್ಟು ಬರಾಕಿ ಅಲ್ಲ, ಒಳ್ಳೆ ಮನಿತನದಾಕಿ. ಇಂಥಾಕಿ ಕೈಯಾಗ ನಮ್ಮ ದೇವ್ರ ಜಗಲಿ ದೀಪ ಬಿಟ್ಟು ಹೋಗಬಹುದು" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಅವಳೂ ತನ್ನ ನೆರೆಯವರಿಗೆ ನಮ್ಮ ಬಗ್ಗೆ ಹಾಗೆಯೇ ಹೇಳುತ್ತಿದ್ದಳಂತೆ. ಅವಳ ಅಡುಗೆಮನೆಯಲ್ಲಿ ಮೀನು ಬೇಯಿಸುತ್ತಾರಲ್ಲ ಎಂದು ನಾನು ಅನುಮಾನಿಸಿದರೆ ಅತ್ತೆ, "ಆಕಿ ಪಾತ್ರಿ ನಾ ಮುಟ್ಟೂದಿಲ್ಲ. ರೊಟ್ಟಿ ಕಟ್ಟಿಕೊಂಡು ಹೋಗೂನು. ನೀ ಸುಮ್ಮನಿರು" ಎಂದು ಬಾಯಿ ಮುಚ್ಚಿಸಿದರು. ನನ್ನ ಗಂಡ ಮಾತ್ರ ಒಂದು ದಿನ, "ನೀವಿಬ್ಬರೂ ದೇವ್ರಿಗೆ ರಜಾ ಕೊಡೂದಿಲ್ಲ, ಸಮುದ್ರ ಅಲ್ಲೇ ಇರ್ತದ, ನಿಮ್ಮ ಮೊಣಕಾಲು ಇರ್ತಾವೇನು?" ಎಂದರು. ಅತ್ತೆ ಎರಡು ದಿನ ಮಗನಿಗೆ ತಾವು ಬಡಿದ ರೊಟ್ಟಿ ಕೊಡಲಿಲ್ಲ.

ಪಂಚಾಂಗದವರು ಒಣ ಶ್ರಾವಣವನ್ನು ಸಾರಿದಾಗ ಮೊದಲು ಎದ್ದು ಕುಳಿತವರು ಅತ್ತೆ. ಹೊಸ ತಿಂಗಳು, ಅದಕ್ಕೆ ಇನ್ನೂ ಯಾವ ವ್ರತವೂ ಅಂಟಿರಲಿಲ್ಲ, ಪುರಾಣವೆಲ್ಲ ಹಸಿ ಶ್ರಾವಣಕ್ಕೇ ಹೋಗಿತ್ತು. ಅಸ್ಸುಂತಾಳ ಹಬ್ಬವೂ ಅಷ್ಟರಲ್ಲಿ ಮುಗಿದಿರುತ್ತಿತ್ತು. ಅವಳು ಕನ್ನಡಿಯಲ್ಲಿ ಚಪ್ಪಾಳೆ ತಟ್ಟಿದಳು. ತಿಂಗಳುಗಟ್ಟಲೆ ಕೆಡದ ಕಟಕು ರೊಟ್ಟಿ ಮಾಡಿದೆವು, ಶೇಂಗಾ ಚಟ್ನಿ ಕುಟ್ಟಿದೆವು. ಅತ್ತೆ ತಮ್ಮ ಇಳಕಲ್ ಸೀರೆಯನ್ನು ಬಿಸಿಲಿಗೆ ಹಾಕಿದರು. ಆಕಳಿಗೆ ಅಸ್ಸುಂತಾಳ ದನಿ ರೂಢಿಯಾಗಲೆಂದು ಕನ್ನಡಿಯನ್ನು ಗೋದಲಿಯ ಹತ್ತಿರ ಇಟ್ಟು ಮಾತಾಡಿಸಿದೆವು. ಅಸ್ಸುಂತವ್ವಾ ಎಂದು ಕರೆಯುವಷ್ಟು ಹತ್ತಿರವಾಗಿದ್ದಳು.

ಹಡಗು ಹತ್ತುವ ವಾರ ಕನ್ನಡಿಯಲ್ಲಿ ಬೇರೆ ಮುಖ ಬಂತು, ಅವಳ ತಂಗಿಯ ಮಗಳದು. ಸಣ್ಣ ಜ್ವರ ಎಂದು ಮಲಗಿದ ಅಸ್ಸುಂತಾ ಮತ್ತೆ ಏಳಲಿಲ್ಲವಂತೆ. ಹೊರಗೆ ಹೊರಡುವವರೇ ಇಲ್ಲದ ಮೇಲೆ ಒಳಗೆ ಹೋಗುವವರೂ ಇಲ್ಲ. ಅದು ಕಟ್ಟಳೆ, ಯಾರನ್ನೂ ಬಯ್ಯುವ ಹಾಗಿಲ್ಲ. ಬೇರೆ ಮನೆಯ ಜೋಡಿ ಸಿಗಲು ಮತ್ತೆ ಕೆಲವು ವರ್ಷ ಕಾಯಬೇಕು. ಅತ್ತೆಗೆ ಬೇರೆ ಮನೆ ಬೇಡ, ಈಗ ಅವರ ಮೊಣಕಾಲು ಹೊಸ್ತಿಲನ್ನೂ ದಾಟಿಸುವುದಿಲ್ಲ. ಆ ದಿನ ಅವರು ಅಳಲಿಲ್ಲ. ಸಂಜೆ ಜಗಲಿಯ ಮುಂದೆ ಕುಳಿತು, ಮಗ್ಗುಲಲ್ಲಿ ಇದ್ದವರನ್ನು ಕೇಳುವಂತೆ ದೇವರನ್ನು ಕೇಳಿದರು. "ನಾ ಒಂದು ಶ್ರಾವಣ ತಪ್ಪಿಸಿದ್ರ ನೀ ಸಿಟ್ಟಾಗತಿದ್ದೇನಪ್ಪಾ? ಆಗತಿರಲಿಲ್ಲ. ನನಗ ಗೊತ್ತಿತ್ತು." ನನಗೂ ಗೊತ್ತಿತ್ತು. ದೇವರು ಕೇಳದೆ ಇದ್ದದ್ದನ್ನು ನಾವು ಅವನ ಹೆಸರಿನಲ್ಲಿ ಕೊಡುತ್ತಾ ಹೋದೆವು, ಅದೂ ಇನ್ನೊಬ್ಬಳ ನಿದ್ದೆಯನ್ನು ಸೇರಿಸಿ.

ನಿಮಗೆ ಬುದ್ಧಿ ಹೇಳುವಷ್ಟು ನಾನು ಕಲಿತವಳಲ್ಲ. ಒಂದು ಬೇಡಿಕೆ ಮಾತ್ರ. ಸರಿತೂಕದಿಂದ ಆ ಊರು ಉಳಿಯಿತು, ನಿಜ. ಆದರೆ ನಾವು ಅಲ್ಲಿಗೆ ಹೋಗಿದ್ದರೂ ಅಸ್ಸುಂತಾಳನ್ನು ಕಾಣುತ್ತಿರಲಿಲ್ಲ. ಅವಳು ಬಂದಾಗ ನಾವಿಲ್ಲ, ನಾವು ಹೋದಾಗ ಅವಳಿಲ್ಲ. ನಿಮಗೆ ಇನ್ನೂ ಆ ಕಷ್ಟವಿಲ್ಲ. ನೀವು ಹೋದಾಗ ಆ ಊರಿನ ಹೆಂಗಸರು ತಮ್ಮ ಮನೆಯಲ್ಲೇ ಇರುತ್ತಾರೆ, ಕೆಲವರಾದರೂ. ದಿನ ನೋಡುತ್ತಾ ಕೂಡಬೇಡಿ. ಮನೆಯಲ್ಲಿ ಆಸೆಪಟ್ಟ ಹಿರಿಯರಿದ್ದರೆ ಅವರನ್ನು ಈ ವರ್ಷವೇ ಕರೆದುಕೊಂಡು ಹೋಗಿರಿ. ಅಲ್ಲಿ ಕೋಟೆ ನೋಡುವುದು ಒಂದು ದಿನ ತಡವಾದರೂ ಚಿಂತೆಯಿಲ್ಲ, ಬಾಗಿಲಲ್ಲಿ ಕುಳಿತ ಮುದುಕಿಯ ಹತ್ತಿರ ನಿಮ್ಮ ಹಿರಿಯರನ್ನೂ ಕೂಡಿಸಿರಿ. ಭಾಷೆ ಬರದಿದ್ದರೆ ಬೇಡ. ಊಟ ಆಯಿತೇನು ಎಂದು ಕೈಸನ್ನೆಯಲ್ಲಿ ಕೇಳಿದರೂ ಆಕೆಗೆ ತಿಳಿಯುತ್ತದೆ.

ಶರಣು ಶರಣಾರ್ಥಿ.
ನೀಲಗಂಗವ್ವ