ಲೆಮ್‌ನ ಎಡಸುತ್ತಿನ ಬೆಸುಗೆ

ನ್ಯಾಶ್‌ವಿಲ್, 9 ನವೆಂಬರ್ 1994, ಬುಧವಾರ

ಇವತ್ತು ಒಂದು ಸುಳ್ಳು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು.

ಹಳೇ ಗಿಟಾರು ಮಾರುವ ಹಾಲಿಸ್, ಅಸಲಿಯೇ ಅಂತ ನೋಡಿಸಲು ನಮ್ಮ ರಿಪೇರಿ ಅಂಗಡಿಗೆ ತಂದ 1957ರ ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆ ಬಿಚ್ಚಿದೆ. ಬಣ್ಣ ಅಸಲಿ, ಕತ್ತಿನ ಬುಡದಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಖೂ ಅಸಲಿ. ಸದ್ದು ಏರಿಸಿ ಇಳಿಸುವ ಗುಂಡಿಯ ಕೆಳಗೆ ಮಾತ್ರ ಒಂದು ತಂತಿ ಎಡಕ್ಕೆ ಸುತ್ತಿಕೊಂಡಿತ್ತು. ಹಾಗೆ ಸುತ್ತುತ್ತಿದ್ದವನು ಈ ಊರಿನಲ್ಲಿ ಒಬ್ಬನೇ, ವರ್ಷಗಟ್ಟಲೆ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಎಡಚ ಲೆಮ್. ಮಾರ್ಚಿನಲ್ಲಿ ಅವನಿಗೆ ಮಣ್ಣು ಕೊಟ್ಟೆವು. ಬೆಸುಗೆಯೇ ಕಸುಬಾಗಿದ್ದವನು ಅಂಟು ನಂಟು ಎರಡನ್ನೂ ಬಿಡಿಸಿಕೊಂಡು ಹೋದ.

"ಏನ್ ಡಾಕ್ಟ್ರೇ, ಹೆಣ ಕುಯ್ದೋರ ಥರ ಮುಖ ಮಾಡಿದೀರಾ? ಎಲ್ಲಾ ಅಸಲಿ ತಾನೆ?" ಅಂದ ಹಾಲಿಸ್.

ಹೂಂ ಅಂದಿದ್ದರೆ ಲೆಮ್‌ನ ಕೈಗೆಲಸ ಅಲ್ಲೇ ಉಳಿಯುತ್ತಿತ್ತು.

"ಒಂದು ಬೆಸುಗೆ ಆಮೇಲಿಂದು. ಲೆಮ್ ಹಾಕಿದ್ದು."

"ಪುಣ್ಯಾತ್ಮ ಸತ್ತ ಮೇಲೂ ನನ್ ಗಿಟಾರ್ ಬಿಡ್ಲಿಲ್ವಲ್ಲ! ಕಿತ್ತಾಕಿ. ಆ ಕಾಲದ ಬಿಡಿಭಾಗ ನನ್ಹತ್ರ ಇದೆ."

ಸುಳ್ಳು ಹೇಳಿದ್ದರೆ ಮೊದಲು ಬೈಯುತ್ತಿದ್ದವನು ಲೆಮ್ಮೇ. ಬಿಸಿ ಕಡ್ಡಿ ಮುಟ್ಟಿಸಿದ್ದೇ ತಡ, ಬೆಸುಗೆ ಕರಗಿತು. ಬದುಕಿದ್ದಾಗ ಅವನು ಯಾವುದಕ್ಕೂ ಇಷ್ಟು ಬೇಗ ಒಪ್ಪಿದವನಲ್ಲ. ಹೊಸದನ್ನು ಕಾರ್ಖಾನೆಯವರ ಹಾಗೆ ಬಲಕ್ಕೆ ಸುತ್ತಿದೆ. ಚೆನ್ನಾಗಿ ಬಂತು, ಯಾರಿಗೂ ಗೊತ್ತಾಗುವುದಿಲ್ಲ.

ಕಿತ್ತ ತಂತಿ ಜೇಬಿನಲ್ಲಿ ಮನೆಗೆ ಬಂದಿದೆ. ಸುರುಳಿ ಇನ್ನೂ ಬಿಟ್ಟಿಲ್ಲ. ಬೆರಳಿನಿಂದ ನೆಟ್ಟಗೆ ಮಾಡಬಹುದು, ಮಾಡುವುದಿಲ್ಲ. ಮಾಡಿದರೆ ಅದು ಬರೀ ತಂತಿ, ಆಮೇಲೆ ಈ ಮನೆಯಲ್ಲಿ ನಾನೂ ಒಂಟಿ.